ಗ್ಯಾಂಡಾಲ್ಫ್‌ನಿಂದ ಹಿಂದಕ್ಕೆ ನಡೆಯೋದು: ಇಯಾನ್ ಮೆಕೆಲನ್ ಅವರ ಕೆಲಸ ನೋಡೋಕೆ ಒಂದು ದಾರಿ

ಇಯಾನ್ ಮೆಕೆಲನ್ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗೋದು ಬೂದು ಗಡ್ಡ, ಚೂಪು ಟೋಪಿ, ಕೈಯಲ್ಲಿ ಕೋಲು ಹಿಡಿದ ಗ್ಯಾಂಡಾಲ್ಫ್, ಇಲ್ಲಾಂದ್ರೆ ಎಕ್ಸ್-ಮೆನ್ ಸಿನಿಮಾದ ಮ್ಯಾಗ್ನೀಟೊ. ನನಗೂ ಹಂಗೇ ಇತ್ತು, ಎಷ್ಟೋ ವರ್ಷ. ಆಮೇಲೆ ಒಂದಿನ ಸುಮ್ನೆ ಲೆಕ್ಕ ಹಾಕಿದೆ. ಅವರು ಹುಟ್ಟಿದ್ದು 1939ರಲ್ಲಿ, ಮೊದಲ ಲಾರ್ಡ್ ಆಫ್ ದ ರಿಂಗ್ಸ್ ಸಿನಿಮಾ ಬಂದಿದ್ದು 2001ರಲ್ಲಿ, ಅಂದ್ರೆ ಅವಾಗ ಅವರಿಗೆ 62 ವಯಸ್ಸು. ಸಂಬಳಕ್ಕೆ ನಟನೆ ಶುರು ಮಾಡಿದ್ದು 1961ರಲ್ಲಿ. ಹಂಗಾದ್ರೆ ಆ 40 ವರ್ಷ ಈ ಮನುಷ್ಯ ಏನ್ ಮಾಡ್ತಿದ್ರು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಬಿಡ್ಲೇ ಇಲ್ಲ ನನ್ನ. ಉತ್ತರ ಹುಡುಕ್ತಾ ಹುಡುಕ್ತಾ ನನಗೆ ಒಂದು ವಿಧಾನ ಸಿಕ್ತು, ಅದನ್ನೇ ಇಲ್ಲಿ ಬರೀತಿದೀನಿ, ಬೇರೆ ಯಾವ ಬ್ರಿಟಿಷ್ ನಟ-ನಟಿಯ ಕೆಲಸ ನೋಡೋಕೂ ಇದು ಉಪಯೋಗಕ್ಕೆ ಬರುತ್ತೆ, ಆದ್ರೆ ಮೆಕೆಲನ್ ಜೊತೆ ಶುರು ಮಾಡಿದ್ರೆ ಸುಲಭ, ಯಾಕಂದ್ರೆ ರೆಕಾರ್ಡಿಂಗ್‌ಗಳು ಉಳಿದಿವೆ.

ಮೊದಲು ಏನ್ ಮಾಡ್ಬಾರ್ದು ಅಂತ ಹೇಳ್ಬಿಡ್ತೀನಿ. ಫಿಲ್ಮೋಗ್ರಫಿ ಲಿಸ್ಟ್ ತೆಗೆದು ಮೇಲಿಂದ ಕೆಳಗೆ ಒಂದೊಂದೇ ನೋಡ್ಕೊಂಡು ಹೋಗ್ಬೇಡಿ. ನಾನು ಅದನ್ನೇ ಮಾಡಿ ಟೈಮ್ ಹಾಳ್ ಮಾಡ್ಕೊಂಡೆ. ಬ್ರಿಟನ್ನಿನ ಆ ತಲೆಮಾರಿನ ನಟರಿಗೆ ಸಿನಿಮಾ ಅನ್ನೋದು ವೃತ್ತಿಯ ಒಂದು ಮೂಲೆ ಅಷ್ಟೇ, ಅವರ ದಿನನಿತ್ಯದ ಕೆಲಸ ನಡೀತಿದ್ದಿದ್ದು ಸಂಜೆ ಏಳೂವರೆಗೆ ಪರದೆ ಏಳೋ ಥಿಯೇಟರಲ್ಲಿ. ಲಿಸ್ಟಲ್ಲಿ ಎರಡು ಸಿನಿಮಾ ಮಧ್ಯೆ ಐದಾರು ವರ್ಷ ಖಾಲಿ ಕಂಡ್ರೆ ನಾವು ಪಾಪ ಚಾನ್ಸ್ ಇರ್ಲಿಲ್ಲ ಅನ್ಕೋತೀವಿ, ನಿಜವಾಗಿ ನೋಡಿದ್ರೆ ಆ ಖಾಲಿ ಜಾಗದಲ್ಲೇ ದೊಡ್ಡ ಕೆಲಸ ನಡೆದಿರುತ್ತೆ.

ಹಂಗಾಗಿ ಒಂದು ನೋಟ್‌ಬುಕ್ ತಗೊಳ್ಳಿ, ಇಲ್ಲಾ ಫೋನಲ್ಲೇ ಒಂದು ಶೀಟ್ ಮಾಡ್ಕೊಳ್ಳಿ. ಮೂರು ಕಾಲಮ್ ಸಾಕು. ಮೊದಲನೇದು ಇಸವಿ. ಎರಡನೇದು ಪಾತ್ರ ಮತ್ತೆ ಜಾಗ. ಮೂರನೇದಕ್ಕೆ ನಾನು ‘ದೂರ’ ಅಂತ ಹೆಸರಿಟ್ಟಿದೀನಿ, ಅಂದ್ರೆ ನೋಡೋ ಜನ ಆ ನಟನಿಂದ ಎಷ್ಟು ದೂರದಲ್ಲಿ ಕೂತಿದ್ರು? ಸಾವಿರ ಸೀಟಿನ ಹಾಲಾ, ಇನ್ನೂರು ಜನ ಹಿಡಿಸೋ ಶೆಡ್ಡಾ, ಅಥವಾ ಮುಖದಿಂದ ಎರಡಡಿ ದೂರದ ಕ್ಯಾಮೆರಾನಾ? ಈ ಮೂರನೇ ಕಾಲಮ್ಮೇ ಎಲ್ಲ ಬಿಚ್ಚಿ ಹೇಳೋದು, ನಂಬಿ. ನಟನೆ ಅನ್ನೋದು ಬಹಳ ಮಟ್ಟಿಗೆ ಆ ದೂರದ ಲೆಕ್ಕಾಚಾರ. ಕೊನೇ ಸಾಲಿನಲ್ಲಿ ಕೂತವನಿಗೆ ಕೇಳಿಸ್ಬೇಕಾದ ಮಾತನ್ನ ಕ್ಯಾಮೆರಾ ಮುಂದೆ ಹಂಗೇ ಹೇಳಿದ್ರೆ ಕಿರುಚಿದಂಗಾಗುತ್ತೆ, ಕ್ಯಾಮೆರಾಗೆ ಹೇಳಿದಂಗೆ ಸ್ಟೇಜ್ ಮೇಲೆ ಹೇಳಿದ್ರೆ ನಾಲ್ಕನೇ ಸಾಲು ದಾಟಲ್ಲ.

ಮೊದಲ ಹತ್ತು-ಹದಿನೈದು ವರ್ಷಗಳನ್ನ ಬೇಗ ತುಂಬಿಸ್ಬಿಡಿ, ನೋಡೋಕೆ ಸಿಗೋದು ಕಮ್ಮಿ, ಆದ್ರೆ ಗೊತ್ತಿರ್ಬೇಕು. ಉತ್ತರ ಇಂಗ್ಲೆಂಡಿನ ಬರ್ನ್‌ಲಿಯಲ್ಲಿ ಹುಟ್ಟಿ, ವಿಗನ್ ಮತ್ತೆ ಬೋಲ್ಟನ್‌ನಲ್ಲಿ ಬೆಳೆದ ಹುಡುಗ. ಕೇಂಬ್ರಿಜ್‌ನಲ್ಲಿ ಓದಿದ್ರು, ಡ್ರಾಮಾ ಸ್ಕೂಲಿಗೆ ಹೋಗ್ಲೇ ಇಲ್ಲ, ಕಾಲೇಜಲ್ಲಿ ನಾಟಕ ಆಡಿ ಆಡಿನೇ ಕಲಿತಿದ್ದು, ಅದೇ ಕಾಲದಲ್ಲಿ ಡೆರೆಕ್ ಜೇಕಬಿ ಮತ್ತೆ ಮುಂದೆ ನಿರ್ದೇಶಕರಾದ ಟ್ರೆವರ್ ನನ್ ಕೂಡ ಅಲ್ಲೇ ಇದ್ರು. 1961ರಲ್ಲಿ ಕೊವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರಲ್ಲಿ ಮೊದಲ ವೃತ್ತಿಪರ ಪಾತ್ರ. ಆಮೇಲೆ ಇಪ್ಸ್‌ವಿಚ್, ನಾಟಿಂಗ್‌ಹ್ಯಾಮ್. ಇದಕ್ಕೆ ಅಲ್ಲಿ ‘ರೆಪ್’ ಅಂತಾರೆ, ರೆಪರ್ಟರಿ ಅನ್ನೋದರ ಚಿಕ್ಕ ರೂಪ. ಊರಿಗೊಂದು ಥಿಯೇಟರ್, ಅಲ್ಲೊಂದು ಕಾಯಂ ತಂಡ, ಇವತ್ತು ರಾತ್ರಿ ಒಂದು ನಾಟಕ ಆಡ್ತಾನೆ ಹಗಲು ಹೊತ್ತು ಮುಂದಿನ ನಾಟಕದ ರಿಹರ್ಸಲ್. ಒಂದು ವರ್ಷದಲ್ಲಿ ಮುದುಕ, ಕಳ್ಳ, ಪ್ರೇಮಿ, ಪೊಲೀಸು, ಎಲ್ಲ ಆಗ್ಬೇಕು. 1965ರಲ್ಲಿ ಆ ಕಾಲದ ದೊಡ್ಡ ನಟ ಲಾರೆನ್ಸ್ ಒಲಿವಿಯರ್ ನಡೆಸ್ತಿದ್ದ ನ್ಯಾಷನಲ್ ಥಿಯೇಟರ್ ತಂಡ ಸೇರಿದ್ರು, ಅವಾಗ ಆ ತಂಡ ಇದ್ದಿದ್ದು ಓಲ್ಡ್ ವಿಕ್‌ನಲ್ಲಿ. ಅಲ್ಲಿ ಜಾಸ್ತಿ ದಿನ ಇರ್ಲಿಲ್ಲ. 1969ರಲ್ಲಿ ಪ್ರಾಸ್ಪೆಕ್ಟ್ ಅನ್ನೋ ಊರೂರು ತಿರುಗೋ ತಂಡದ ಜೊತೆ ಎಡಿನ್‌ಬರೊ ಉತ್ಸವದಲ್ಲಿ ಶೇಕ್ಸ್‌ಪಿಯರ್‌ನ ರಿಚರ್ಡ್ ದ ಸೆಕೆಂಡ್, ಅದೇ ಕಾಲದ ಇನ್ನೊಬ್ಬ ನಾಟಕಕಾರ ಮಾರ್ಲೊನ ಎಡ್ವರ್ಡ್ ದ ಸೆಕೆಂಡ್, ಎರಡೂ ರಾಜರ ಪಾತ್ರ ಒಬ್ಬರೇ. ಅಲ್ಲಿಂದಲೇ ಹೆಸರು ಬಂದಿದ್ದು. ಎಡ್ವರ್ಡ್ ನಾಟಕದಲ್ಲಿ ರಾಜ ತನ್ನ ಗೆಳೆಯನಿಗೆ ಮುತ್ತು ಕೊಡ್ತಾನೆ ಅಂತ ಅಲ್ಲಿನ ಕೌನ್ಸಿಲರ್ ಒಬ್ಬರು ಆಕ್ಷೇಪ ಎತ್ತಿದ್ರು, ಟಿಕೆಟ್ ಇನ್ನಷ್ಟು ಬೇಗ ಖಾಲಿ. ಈ ಎಡ್ವರ್ಡನ್ನ ಬಿಬಿಸಿ 1970ರಲ್ಲಿ ಟಿವಿಯಲ್ಲಿ ತೋರಿಸ್ತು, ರೆಕಾರ್ಡಿಂಗ್ ಇದೆ, ಸಿಕ್ರೆ ಹತ್ತು ನಿಮಿಷ ನೋಡಿ, ಧ್ವನಿ ಎಷ್ಟು ದೊಡ್ಡದು ಅಂತ ಗಮನಿಸಿ, ಆ ಧ್ವನಿ ನೆನಪಿಟ್ಕೊಳ್ಳಿ.

1972ರಲ್ಲಿ ಗೆಳೆಯರ ಜೊತೆ ಆಕ್ಟರ್ಸ್ ಕಂಪನಿ ಅಂತ ಒಂದು ತಂಡ ಕಟ್ಟಿದ್ರು. ಎಲ್ಲರಿಗೂ ಒಂದೇ ಸಂಬಳ, ನಾಟಕ ಯಾವುದು ಅಂತ ನಟರೇ ಸೇರಿ ತೀರ್ಮಾನ, ಒಂದು ನಾಟಕದಲ್ಲಿ ಹೀರೊ ಆದವರು ಇನ್ನೊಂದರಲ್ಲಿ ಎರಡು ಸಾಲಿನ ಸಣ್ಣ ಪಾತ್ರ. ಆಗಲೇ ಹೆಸರು ಮಾಡಿದ್ದ ನಟ ಇದನ್ನ ಬೇಕು ಅಂತ ಆರಿಸ್ಕೊಂಡಿದ್ದು ನನಗೆ ಬಹಳ ಇಷ್ಟವಾದ ವಿಷಯ.

ಈಗ ಅಸಲಿ ವಿಧಾನಕ್ಕೆ ಬರ್ತೀನಿ. ಒಬ್ಬ ನಟ ಒಂದೇ ಪಾತ್ರಕ್ಕೆ, ಅಥವಾ ಒಂದೇ ನಾಟಕಕ್ಕೆ ಎರಡೆರಡು ಸಲ ವಾಪಸ್ ಬಂದಿರ್ತಾರಲ್ಲ, ಅಂಥವನ್ನ ಹುಡುಕಿ, ಜೋಡಿ ಮಾಡಿ ನೋಡ್ಬೇಕು. ಪಾತ್ರ ಅದೇ, ಮಾತು ಅದೇ, ಬದಲಾಗಿದ್ದು ವಯಸ್ಸು ಮತ್ತೆ ದೂರ. ಹಂಗೆ ನೋಡಿದಾಗ ನಟ ಏನು ಮಾಡ್ತಿದಾರೆ ಅನ್ನೋದು ಕಣ್ಣಿಗೆ ಕಾಣುತ್ತೆ, ಇಲ್ಲಾಂದ್ರೆ ಕಥೆಯಲ್ಲೇ ಕೊಚ್ಚಿಕೊಂಡು ಹೋಗ್ತೀವಿ.

ಶುರು ಮಾಡ್ಬೇಕಾದ್ದು 1976ರ ಮ್ಯಾಕ್‌ಬೆತ್‌ನಿಂದ. ಇದು ಜೋಡಿ ಹೆಂಗೆ ಅಂದ್ರೆ ಸ್ಟೇಜ್‌ನಿಂದ ಟಿವಿಗೆ ಹೋದ ಜೋಡಿ. ಶೇಕ್ಸ್‌ಪಿಯರ್ ಹುಟ್ಟಿದ ಊರು ಸ್ಟ್ರಾಟ್‌ಫರ್ಡ್‌ನಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಗೆ (ಆರ್‌ಎಸ್‌ಸಿ) ಸಾವಿರಕ್ಕೂ ಹೆಚ್ಚು ಸೀಟಿನ ದೊಡ್ಡ ಥಿಯೇಟರ್ ಇತ್ತು, ಅಲ್ಲಿಂದ ಸ್ವಲ್ಪ ದೂರದಲ್ಲಿ ತಗಡಿನ ಶೆಡ್ ಒಂದಿತ್ತು, ಅದನ್ನ 1974ರಲ್ಲಿ ಬಜ್ ಗುಡ್‌ಬಾಡಿ ಅನ್ನೋ ಯುವ ನಿರ್ದೇಶಕಿ ‘ದ ಅದರ್ ಪ್ಲೇಸ್’ ಅಂತ ಪುಟ್ಟ ಥಿಯೇಟರ್ ಮಾಡಿದ್ರು. ಇನ್ನೂರು ಜನ ಕೂತ್ರೆ ಹೆಚ್ಚು. ಟ್ರೆವರ್ ನನ್ ಮ್ಯಾಕ್‌ಬೆತ್ ಮಾಡಿದ್ದು ದೊಡ್ಡ ಸ್ಟೇಜಿನಲ್ಲಲ್ಲ, ಈ ಶೆಡ್ಡಿನಲ್ಲಿ. ಮೆಕೆಲನ್ ಮ್ಯಾಕ್‌ಬೆತ್, ಜೂಡಿ ಡೆಂಚ್ ಲೇಡಿ ಮ್ಯಾಕ್‌ಬೆತ್. ನೆಲದ ಮೇಲೆ ಒಂದು ವೃತ್ತ, ಸುತ್ತ ಕೂರೋಕೆ ಮರದ ಪೆಟ್ಟಿಗೆಗಳು, ಸೆಟ್ಟು ಅಂತ ಹೇಳೋಕೆ ಹೆಚ್ಚೇನೂ ಇಲ್ಲ. ತಮ್ಮ ಸರದಿ ಇಲ್ದಿರೋ ನಟರು ಅಲ್ಲೇ ಕೂತು ನೋಡ್ತಿರ್ತಾರೆ. ಪ್ರೇಕ್ಷಕ ಎಷ್ಟು ಹತ್ತಿರ ಅಂದ್ರೆ ಉಸಿರು ಕೇಳಿಸುತ್ತೆ. ಅಲ್ಲಿಂದ ಲಂಡನ್ನಿಗೆ ಹೋಯ್ತು, ಆಮೇಲೆ ಥೇಮ್ಸ್ ಟೆಲಿವಿಷನ್ ರೆಕಾರ್ಡ್ ಮಾಡಿ 1979ರಲ್ಲಿ ಪ್ರಸಾರ ಮಾಡ್ತು. ಡಿವಿಡಿ ಬಂದಿದೆ, ಆನ್‌ಲೈನ್‌ನಲ್ಲೂ ಸಿಗುತ್ತೆ.

ಇದನ್ನ ನೋಡೋದಕ್ಕೊಂದು ಕ್ರಮ ಇದೆ. ಮೊದಲ ಸಲ ಪೂರ್ತಿ ನೋಡ್ಬೇಡಿ. ಮ್ಯಾಕ್‌ಬೆತ್ ಕೈಯಲ್ಲಿ ರಾಜ ಡಂಕನ್ ಕೊಲೆ ಆದ ಮೇಲೆ ಗಂಡ ಹೆಂಡತಿ ಇಬ್ಬರೇ ಮಾತಾಡೋ ದೃಶ್ಯ ತೆಗೀರಿ, ಮ್ಯಾಕ್‌ಬೆತ್ ಕೈಯಲ್ಲಿ ಕತ್ತಿಗಳು, ರಕ್ತ. ಮೂರ್ನಾಲ್ಕು ನಿಮಿಷ ಸಾಕು. ಮೊದಲು ಸೌಂಡ್ ಪೂರ್ತಿ ಬಂದ್ ಮಾಡಿ ನೋಡಿ, ಬರೀ ಕಣ್ಣು, ಕೈ, ಭುಜ. ಆಮೇಲೆ ಅದೇ ತುಂಡನ್ನ ಕಣ್ಣು ಮುಚ್ಚಿ ಕೇಳಿ. ಇಬ್ಬರೂ ಪಿಸುಗುಡ್ತಿದಾರೆ, ಮನೆಯಲ್ಲಿ ಬೇರೆಯವರು ಮಲಗಿದಾರೆ ಅನ್ನೋ ಭಯದಲ್ಲಿ ನಿಜವಾದ ಗಂಡ-ಹೆಂಡತಿ ಪಿಸುಗುಡೋ ಹಾಗೆ. ಎಡ್ವರ್ಡ್‌ನಲ್ಲಿ ಕೇಳಿದ ಆ ದೊಡ್ಡ ಧ್ವನಿ ಎಲ್ಲಿ ಹೋಯ್ತು? ಕೊನೆಗೆ ಮೂರನೇ ಸಲ ಎರಡೂ ಸೇರಿಸಿ ನೋಡಿ. ಇಂಗ್ಲಿಷ್ ಹಳೇದು, ಅರ್ಥ ಆಗಲ್ಲ ಅಂತ ಹೆದರ್ಬೇಡಿ, ದೃಶ್ಯದ ಸಾರಾಂಶ ಮೊದಲೇ ಓದ್ಕೊಂಡ್ರೆ ಸಾಕು, ಅರ್ಧ ಅರ್ಥ ಧ್ವನಿಯಿಂದಲೇ ಬರುತ್ತೆ. ಆಮೇಲೆ ಡೆಂಚ್ ಅವರ ನಿದ್ದೆಯಲ್ಲಿ ನಡೆಯೋ ದೃಶ್ಯ ಬಿಡ್ಬೇಡಿ, ಅದರಲ್ಲಿ ಅವರು ಕೂಗೋ ಒಂದು ಕೂಗು ಇದೆಯಲ್ಲ, ನಾನು ಅದನ್ನ ಮೊದಲ ಸಲ ಕೇಳಿದ ರಾತ್ರಿ ಲೈಟ್ ಹಾಕ್ಕೊಂಡೇ ಮಲಗಿದ್ದು.

ನನ್ನ ಅನಿಸಿಕೆ ಏನಂದ್ರೆ ಮೆಕೆಲನ್ ಸಿನಿಮಾ ನಟ ಆಗಿದ್ದು ಹಾಲಿವುಡ್ಡಿನಲ್ಲಲ್ಲ, ಆ ತಗಡಿನ ಶೆಡ್ಡಿನಲ್ಲಿ. ಕ್ಯಾಮೆರಾ ಬರೋಕೆ ಮುಂಚೆನೇ ಅಲ್ಲಿ ಜನ ಕ್ಯಾಮೆರಾದಷ್ಟು ಹತ್ತಿರ ಕೂತಿದ್ರು.

ಇದರ ಜೊತೆಗೆ ಇನ್ನೊಂದು ಸಹಾಯ ಇದೆ. ಆಕ್ಟಿಂಗ್ ಶೇಕ್ಸ್‌ಪಿಯರ್ ಅಂತ ಅವರೊಬ್ಬರೇ ನಡೆಸ್ತಿದ್ದ ಶೋ ಒಂದಿತ್ತು, 80ರ ದಶಕದಲ್ಲಿ ಟಿವಿಗೂ ರೆಕಾರ್ಡ್ ಆಗಿದೆ. ಅದರಲ್ಲಿ ಮ್ಯಾಕ್‌ಬೆತ್‌ನ ಕೊನೆಗೆ ಬರೋ ‘ನಾಳೆ, ನಾಳೆ, ಮತ್ತೊಂದು ನಾಳೆ’ ಅನ್ನೋ ಹತ್ತು ಸಾಲಿನ ಮಾತನ್ನ ಒಂದೊಂದೇ ಪದ ಬಿಡಿಸಿ ವಿವರಿಸ್ತಾರೆ, ಈ ಪದ ಯಾಕೆ, ಇಲ್ಲಿ ಉಸಿರು ಯಾಕೆ ತಗೋಬೇಕು ಅಂತ. ಹಂಗೇ ನಿರ್ದೇಶಕ ಜಾನ್ ಬಾರ್ಟನ್ ನಡೆಸಿಕೊಟ್ಟ ಪ್ಲೇಯಿಂಗ್ ಶೇಕ್ಸ್‌ಪಿಯರ್ ಅನ್ನೋ ಟಿವಿ ಸರಣಿ, ಅದರಲ್ಲಿ ಮೆಕೆಲನ್, ಡೆಂಚ್, ಪ್ಯಾಟ್ರಿಕ್ ಸ್ಟುವರ್ಟ್, ಬೆನ್ ಕಿಂಗ್ಸ್‌ಲಿ ಎಲ್ಲರೂ ಕುರ್ಚಿ ಹಾಕ್ಕೊಂಡು ಕೂತು ಸಾಲುಗಳನ್ನ ಹೆಂಗೆ ಹೇಳ್ಬೇಕು ಅಂತ ಪ್ರಯತ್ನ ಮಾಡಿ ತೋರಿಸ್ತಾರೆ. ಅಡುಗೆಮನೆ ಒಳಗೇ ಹೋಗಿ ನೋಡಿದಂಗೆ. ನಟನೆ ಕಲಿಯೋರಿಗೆ ಮಾತ್ರ ಅಲ್ಲ, ನೋಡೋದು ಕಲಿಯೋರಿಗೂ ಇದಕ್ಕಿಂತ ಒಳ್ಳೇ ಪಾಠ ನನಗೆ ಸಿಕ್ಕಿಲ್ಲ.

ಎರಡನೇ ಜೋಡಿ ರಿಚರ್ಡ್ ದ ಥರ್ಡ್. ಇದಕ್ಕೆ ಒಂದು ಪೂರ್ತಿ ವಾರಾಂತ್ಯ ಇಟ್ಕೊಳ್ಳಿ. 1990ರಲ್ಲಿ ನ್ಯಾಷನಲ್ ಥಿಯೇಟರಿನ ಲಿಟಲ್ಟನ್‌ನಲ್ಲಿ ರಿಚರ್ಡ್ ಐರ್ ನಿರ್ದೇಶನದಲ್ಲಿ ಇದನ್ನ ಆಡಿದ್ರು, 1930ರ ದಶಕದ ಇಂಗ್ಲೆಂಡ್‌ನಲ್ಲಿ ಫ್ಯಾಸಿಸ್ಟರು ಅಧಿಕಾರ ಹಿಡಿದಿದ್ರೆ ಹೆಂಗಿರ್ತಿತ್ತು ಅನ್ನೋ ಕಲ್ಪನೆ. ಆ ನಾಟಕ ಬೇರೆ ಬೇರೆ ದೇಶ ಸುತ್ತಿ ಬಂತು. ಸುತ್ತಾಡಿದ ಮೇಲೆ ಮೆಕೆಲನ್ ಇದನ್ನ ಸಿನಿಮಾ ಮಾಡ್ಲೇಬೇಕು ಅಂತ ತಾವೇ ಕೂತು ಚಿತ್ರಕಥೆ ಬರೆದ್ರು, ರಿಚರ್ಡ್ ಲೊನ್‌ಕ್ರೇನ್ ಜೊತೆ ಸೇರಿ, ನಿರ್ದೇಶನ ಲೊನ್‌ಕ್ರೇನ್ ಅವರದೇ, 1995ರಲ್ಲಿ ಬಂತು. ಬ್ಯಾಟರ್‌ಸೀ ಪವರ್ ಸ್ಟೇಷನ್, ಸೇಂಟ್ ಪ್ಯಾಂಕ್ರಾಸ್, ಬ್ರೈಟನ್‌ನ ಅರಮನೆ, ಎಲ್ಲ ನಿಜವಾದ ಕಟ್ಟಡಗಳಲ್ಲೇ ಶೂಟಿಂಗ್.

ಇದರ ಮೊದಲ ಮಾತೊಂದನ್ನೇ ಹಿಡ್ಕೊಳ್ಳಿ. ನಾಟಕದಲ್ಲಿ ರಿಚರ್ಡ್ ಒಬ್ಬನೇ ಬಂದು ಪ್ರೇಕ್ಷಕರಿಗೆ ನೇರವಾಗಿ ಹೇಳೋ ಉದ್ದ ಸ್ವಗತ ಅದು, ನಮ್ಮ ಕೆಟ್ಟ ಕಾಲ ಕಳೀತು ಅಂತ ಶುರುವಾಗೋದು. ಸಿನಿಮಾದಲ್ಲಿ ಅದನ್ನ ಎರಡು ತುಂಡು ಮಾಡಿದಾರೆ. ಮೊದಲ ಅರ್ಧ ವಿಜಯೋತ್ಸವದ ಪಾರ್ಟಿಯಲ್ಲಿ ಮೈಕ್ ಹಿಡಿದು ಮಾಡೋ ಭಾಷಣ, ಎಲ್ಲರೂ ಚಪ್ಪಾಳೆ ತಟ್ಟೋ ಅಂಥದ್ದು. ಇದ್ದಕ್ಕಿದ್ದಂಗೆ ಕಟ್, ಅದೇ ಮಾತು ಮುಂದುವರಿಯೋದು ಗಂಡಸರ ಟಾಯ್ಲೆಟ್ಟಿನಲ್ಲಿ, ಈಗ ಗೊಣಗಾಟ, ಹೊಟ್ಟೆಯೊಳಗಿನ ವಿಷ. ಕೈ ತೊಳೀತಾ ಕನ್ನಡಿ ನೋಡ್ಕೊಂಡು ತನ್ನಷ್ಟಕ್ಕೆ ತಾನೇ ಮಾತಾಡ್ತಾ ಇರೋನು ಕನ್ನಡಿಯಲ್ಲೇ ನಮ್ಮನ್ನ ಕಂಡುಬಿಡ್ತಾನೆ. ಆಮೇಲೆ ತಿರುಗಿ ನೇರ ಕ್ಯಾಮೆರಾಗೆ. ಸಾವಿರ ಜನರಿಗೆ ಹೇಳೋದು, ತನಗೆ ತಾನೇ ಹೇಳ್ಕೊಳ್ಳೋದು, ಒಬ್ಬನ ಕಿವಿಯಲ್ಲಿ ಹೇಳೋದು, ಮೂರು ದೂರಗಳೂ ಒಂದೇ ಸ್ವಗತದಲ್ಲಿ. ನಿಮ್ಮ ಮೂರನೇ ಕಾಲಮ್ಮಿನಲ್ಲಿ ಇದನ್ನ ಬರೆಯೋಕೆ ಜಾಗ ಸಾಲಲ್ಲ. ನಾನು ಈ ತುಂಡನ್ನ ಇಪ್ಪತ್ತು ಸಲನಾದ್ರೂ ನೋಡಿರ್ಬೇಕು, ಪ್ರತಿ ಸಲನೂ ಆ ಕನ್ನಡಿಯ ಕ್ಷಣದಲ್ಲಿ ಸಿಕ್ಕಿಬಿದ್ದಂಗಾಗುತ್ತೆ.

ಇನ್ನೊಂದು ಗಮನಿಸಿ, ರಿಚರ್ಡ್‌ನ ಒಂದು ಕೈ ಕೆಲಸ ಮಾಡಲ್ಲ, ಹಂಗಾಗಿ ಸಿಗರೇಟು, ಗ್ಲೌಸು, ಉಂಗುರ, ಎಲ್ಲ ಒಂದೇ ಕೈಯಲ್ಲಿ. ತಾನೇ ಕೊಂದವನ ಹೆಂಡತಿ ಲೇಡಿ ಆನ್‌ಳನ್ನ ಒಲಿಸಿಕೊಳ್ಳೋ ದೃಶ್ಯದಲ್ಲಿ ಬೆರಳಿನ ಉಂಗುರವನ್ನ ಬಾಯಿಂದ ತೆಗೆದು ಅವಳ ಬೆರಳಿಗೆ ಹಾಕ್ತಾನೆ, ಅದನ್ನ ನೋಡಿದ್ರೆ ಮೈ ಜುಂ ಅನ್ನುತ್ತೆ. ಇಷ್ಟು ಸಲೀಸಾಗಿ ಒಂದೇ ಕೈ ಓಡೋದರ ಹಿಂದೆ ಸ್ಟೇಜಿನಲ್ಲಿ ರಾತ್ರಿಮೇಲೆ ರಾತ್ರಿ ಆಡಿದ ಅಭ್ಯಾಸ ಇದೆ. ಒಂದು ಸಿನಿಮಾಗೆ ಅಂತ ಹದಿನೈದು ದಿನ ರಿಹರ್ಸಲ್ ಮಾಡಿದ್ರೆ ಇದು ಬರಲ್ಲ.

ಮೂರನೇ ಹೆಜ್ಜೆ, ಕಳೆದುಹೋದದ್ದಕ್ಕೂ ನೋಟ್‌ಬುಕ್ಕಲ್ಲಿ ಜಾಗ ಕೊಡಿ. ಇದು ಬೇಜಾರಿನ ಕೆಲಸ, ಆದ್ರೆ ಮಾಡ್ಲೇಬೇಕು. ಉದಾಹರಣೆಗೆ ಅಮೆಡಿಯಸ್, ಸಂಗೀತಗಾರ ಮೊಜಾರ್ಟ್ ಮತ್ತೆ ಅವನ ಮೇಲೆ ಹೊಟ್ಟೆಕಿಚ್ಚು ಪಡೋ ಸಾಲಿಯೆರಿಯ ನಾಟಕ. 1979ರಲ್ಲಿ ಲಂಡನ್‌ನಲ್ಲಿ ಸಾಲಿಯೆರಿ ಆಗಿದ್ದು ಪಾಲ್ ಸ್ಕೋಫೀಲ್ಡ್, 1980ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋದಾಗ ಮೆಕೆಲನ್, ಅಲ್ಲಿನ ನಾಟಕಗಳಿಗೆ ಕೊಡೋ 1981ರ ಟೋನಿ ಪ್ರಶಸ್ತಿನೂ ಅವರಿಗೇ ಬಂತು. 1984ರಲ್ಲಿ ಸಿನಿಮಾ ಆದಾಗ ಆ ಪಾತ್ರ ಮಾಡಿದ್ದು ಎಫ್. ಮರ್ರೆ ಏಬ್ರಹಾಂ, ಆಸ್ಕರ್ ಅವರಿಗೆ. ಮೂವರು ದೊಡ್ಡ ನಟರು, ಒಂದೇ ಪಾತ್ರ, ಜಗತ್ತಿಗೆ ನೆನಪಿರೋದು ಒಬ್ಬರು. ಬ್ರಿಟಿಷ್ ಸ್ಟೇಜ್ ನಟರ ಕಥೆಯಲ್ಲಿ ಇಂಥ ಸಾಲುಗಳು ಬೇಕಾದಷ್ಟು ಸಿಗುತ್ತವೆ, ಸ್ಟೇಜಿನಲ್ಲಿ ಹುಟ್ಟಿಸಿದ ಪಾತ್ರ ಪರದೆ ಮೇಲೆ ಬೇರೆಯವರ ಪಾಲಾಗೋದು. ಇಂಥದ್ದಕ್ಕೆ ಆ ಕಾಲದ ವಿಮರ್ಶೆಗಳೇ ಗತಿ. ವಿಮರ್ಶೆ ಓದೋವಾಗ ‘ಅದ್ಭುತ’, ‘ಭವ್ಯ’ ಅನ್ನೋ ಪದಗಳನ್ನೆಲ್ಲ ದಾಟಿಕೊಂಡು ಹೋಗಿ, ನಟ ಏನು ಮಾಡಿದ ಅಂತ ಬರೆದಿರೋ ವಾಕ್ಯಗಳಿಗೆ ಮಾತ್ರ ಗೆರೆ ಎಳೀರಿ. ಕುರ್ಚಿಯಿಂದ ಹೆಂಗೆ ಎದ್ದ, ಯಾವ ಪದದ ಮೇಲೆ ನಿಂತ, ಬೆನ್ನು ತಿರುಗಿಸಿದ್ದು ಯಾವಾಗ, ಇಂಥವು. ಹೊಗಳಿಕೆ ಹಳಸಿಹೋಗುತ್ತೆ, ಇವು ಹಳಸಲ್ಲ.

ಬೆಂಟ್ ಕೂಡ ಇದೇ ಸಾಲಿನದು, ಆದ್ರೆ ಇದರ ಹಿಂದೆ ಇನ್ನೂ ದೊಡ್ಡ ವಿಷಯ ಇದೆ. ನಾಜಿ ಕ್ಯಾಂಪ್‌ಗಳಲ್ಲಿ ಸಲಿಂಗಿಗಳಿಗೆ ಏನಾಯ್ತು ಅನ್ನೋದರ ಬಗ್ಗೆ ಮಾರ್ಟಿನ್ ಶರ್ಮನ್ ಬರೆದ ನಾಟಕ, 1979ರಲ್ಲಿ ರಾಯಲ್ ಕೋರ್ಟ್‌ನಲ್ಲಿ ಮೆಕೆಲನ್ ಮ್ಯಾಕ್ಸ್ ಪಾತ್ರ ಮಾಡಿದ್ರು. ಆದ್ರೆ ಅವಾಗ ತಾವು ಸಲಿಂಗಿ ಅಂತ ಸಾರ್ವಜನಿಕವಾಗಿ ಹೇಳಿರ್ಲಿಲ್ಲ. ಹೇಳಿದ್ದು 1988ರಲ್ಲಿ, ಬಿಬಿಸಿ ರೇಡಿಯೊ ಚರ್ಚೆಯೊಂದರಲ್ಲಿ, ಸಲಿಂಗಕಾಮವನ್ನ ಸ್ಥಳೀಯ ಸಂಸ್ಥೆಗಳು ‘ಪ್ರೋತ್ಸಾಹಿಸಬಾರದು’ ಅನ್ನೋ ಸೆಕ್ಷನ್ 28 ಕಾನೂನು ಬರ್ತಿದ್ದ ಟೈಮಲ್ಲಿ. ವಯಸ್ಸು ಐವತ್ತರ ಹತ್ತಿರ. ಮರುವರ್ಷ ಸಲಿಂಗಿಗಳ ಹಕ್ಕಿಗಾಗಿ ಸ್ಟೋನ್‌ವಾಲ್ ಅನ್ನೋ ಸಂಸ್ಥೆ ಹುಟ್ಟುಹಾಕಿದವರಲ್ಲಿ ಒಬ್ಬರಾದ್ರು. 1990ರಲ್ಲಿ ಮತ್ತೆ ಅದೇ ಬೆಂಟ್, ಅದೇ ಮ್ಯಾಕ್ಸ್, ಈ ಸಲ ನ್ಯಾಷನಲ್ ಥಿಯೇಟರಿನಲ್ಲಿ. 1997ರ ಸಿನಿಮಾದಲ್ಲಿ ಮ್ಯಾಕ್ಸ್ ಆಗಿದ್ದು ಕ್ಲೈವ್ ಓವನ್, ಇವರು ಅಂಕಲ್ ಫ್ರೆಡ್ಡಿ ಅನ್ನೋ ಸಣ್ಣ ಪಾತ್ರ, ತನ್ನನ್ನ ತಾನು ಮುಚ್ಚಿಟ್ಟುಕೊಂಡು ಬದುಕಿರೋ ವಯಸ್ಸಾದ ಮನುಷ್ಯ. ಆ ಒಂದು ಪಾರ್ಕಿನ ದೃಶ್ಯ ನೋಡಿ. ಹೇಳಿಕೊಂಡ ಮೇಲೆ ತಮ್ಮ ನಟನೆನೇ ಬದಲಾಯ್ತು, ಮುಚ್ಚಿಡೋಕೆ ಏನೂ ಉಳೀಲಿಲ್ಲ ಅನ್ನೋ ಅರ್ಥದ ಮಾತನ್ನ ಅವರೇ ಎಷ್ಟೋ ಸಲ ಆಡಿದಾರೆ. ಹಂಗಾಗಿ ನೋಟ್‌ಬುಕ್ಕಲ್ಲಿ 1988ರ ಕೆಳಗೆ ಒಂದು ಗಟ್ಟಿ ಗೆರೆ ಎಳೀರಿ. ಅದರ ಮೇಲಿನದೊಂದು, ಕೆಳಗಿನದೊಂದು ನೋಡಿ ಹೋಲಿಸಿ. ಮೇಲಿನದಕ್ಕೆ 1982ರ ವಾಲ್ಟರ್ ಆರಿಸ್ಕೊಳ್ಳಿ, ಸ್ಟೀಫನ್ ಫ್ರಿಯರ್ಸ್ ನಿರ್ದೇಶನ, ಚಾನೆಲ್ 4 ಶುರುವಾದ ಮೊದಲ ರಾತ್ರಿನೇ ಪ್ರಸಾರ ಆದ ಸಿನಿಮಾ, ಬುದ್ಧಿಮಾಂದ್ಯತೆ ಇರೋ ಒಬ್ಬ ವ್ಯಕ್ತಿಯ ಪಾತ್ರ, ಬಹಳ ಕಷ್ಟದ ಸಿನಿಮಾ, ಮನಸ್ಸು ಗಟ್ಟಿ ಇದ್ದಾಗ ನೋಡಿ. ಕೆಳಗಿನದಕ್ಕೆ 1998ರ ಗಾಡ್ಸ್ ಅಂಡ್ ಮಾನ್ಸ್ಟರ್ಸ್. ಹಳೇ ಫ್ರಾಂಕನ್‌ಸ್ಟೈನ್ ಸಿನಿಮಾ ನಿರ್ದೇಶಿಸಿದ ಜೇಮ್ಸ್ ವೇಲ್ ಪಾತ್ರ, ಬಿಲ್ ಕಾಂಡನ್ ನಿರ್ದೇಶನ. ಈ ವೇಲ್ ಕೂಡ ಇಂಗ್ಲಿಷ್ ಸ್ಟೇಜಿನಿಂದಲೇ ಹಾಲಿವುಡ್ಡಿಗೆ ಹೋದವರು. ಎರಡರಲ್ಲೂ ನಟನೆ ಗಟ್ಟಿನೇ, ಆದ್ರೆ ವಾಲ್ಟರ್‌ನಲ್ಲಿ ಅವರು ಪಾತ್ರದ ಒಳಗೆ ಪೂರ್ತಿ ಮಾಯ ಆಗಿಬಿಟ್ಟಿದಾರೆ, ವೇಲ್‌ನಲ್ಲಿ ಎದುರಿಗೆ ಬಂದು ನಿಂತಿದಾರೆ. ನನಗೆ ವೇಲ್ ಹೆಚ್ಚು.

ಇಲ್ಲೊಂದು ಎಚ್ಚರಿಕೆ, ರಿಲೀಸ್ ಡೇಟ್ ನಂಬಬೇಡಿ, ಕೆಲಸ ಮಾಡಿದ ಡೇಟ್ ಹುಡುಕಿ. ಗಾಡ್ಸ್ ಅಂಡ್ ಮಾನ್ಸ್ಟರ್ಸ್‌ಗೆ ಆಸ್ಕರ್ ನಾಮಿನೇಷನ್ ಬಂದ ಚಳಿಗಾಲ ಅವರು ಎಲ್ಲಿದ್ರು ಗೊತ್ತಾ? ಲಾಸ್ ಏಂಜಲಿಸ್‌ನಲ್ಲಲ್ಲ. ಲೀಡ್ಸ್‌ನಲ್ಲಿ, ವೆಸ್ಟ್ ಯಾರ್ಕ್‌ಶೈರ್ ಪ್ಲೇಹೌಸ್‌ನಲ್ಲಿ ಒಂದೇ ತಂಡದ ಜೊತೆ ಮೂರು ನಾಟಕ, ಚೆಕಾಫ್‌ನದೊಂದು, ನೊಯೆಲ್ ಕವರ್ಡ್‌ನದೊಂದು, ಕೊನೆಗೆ ಶೇಕ್ಸ್‌ಪಿಯರ್‌ನ ಟೆಂಪೆಸ್ಟ್. ಟೆಂಪೆಸ್ಟ್‌ನಲ್ಲಿ ಪ್ರಾಸ್ಪೆರೊ, ಅಂದ್ರೆ ಕೋಲು ಹಿಡಿದ ಮಾಂತ್ರಿಕ! ಅದಾದ ಮೇಲೆ ಎಕ್ಸ್-ಮೆನ್ ಶೂಟಿಂಗು, ಅದನ್ನ ಮುಗಿಸಿ 2000ದ ಶುರುವಿಗೆ ನ್ಯೂಜಿಲೆಂಡ್‌ಗೆ ಹೋಗಿ ಗ್ಯಾಂಡಾಲ್ಫ್‌ನ ಗಡ್ಡ ಅಂಟಿಸ್ಕೊಂಡಿದ್ದು. 2001ರ ಡಿಸೆಂಬರ್‌ನಲ್ಲಿ ಸಿನಿಮಾ ಬಿಡುಗಡೆ ಆಗಿ ಜಗತ್ತೆಲ್ಲ ಅವರ ಹೆಸರು ಹೇಳ್ತಿದ್ದಾಗ ಅವರು ಬ್ರಾಡ್‌ವೇಯಲ್ಲಿ ಹೆಲೆನ್ ಮಿರನ್ ಜೊತೆ ಸ್ಟ್ರಿಂಡ್‌ಬರ್ಗ್ ನಾಟಕ ಆಡ್ತಿದ್ರು. ಈ ಡೇಟುಗಳನ್ನ ಪಕ್ಕಪಕ್ಕ ಬರೆದು ನೋಡಿದಾಗ ನನಗೆ ನಿಜವಾಗ್ಲೂ ಕಣ್ಣು ತುಂಬಿ ಬಂತು, ಸ್ಟೇಜು ಅವರಿಗೆ ಸಿನಿಮಾ ಸಿಗೋ ತನಕದ ಬಾಡಿಗೆ ಮನೆ ಆಗಿರ್ಲಿಲ್ಲ.

ಡೇಟುಗಳು ಎಲ್ಲಿ ಸಿಗುತ್ತವೆ ಅಂದ್ರೆ, ಬಿಬಿಸಿಯಲ್ಲಿ ಬಂದ ಯಾವುದೇ ಕಾರ್ಯಕ್ರಮಕ್ಕೆ ಬಿಬಿಸಿ ಪ್ರೋಗ್ರಾಂ ಇಂಡೆಕ್ಸ್ ಇದೆ, ರೇಡಿಯೊ ಟೈಮ್ಸ್ ಪತ್ರಿಕೆಯ ಹಳೇ ಪಟ್ಟಿಗಳೆಲ್ಲ ಅದರಲ್ಲಿವೆ, ಹೆಸರು ಹಾಕಿ ಹುಡುಕಿದ್ರೆ ಸಾಕು. ಮೆಕೆಲನ್ ಅವರದೇ ವೆಬ್‌ಸೈಟಲ್ಲಿ ಅವರು ಆಡಿದ ನಾಟಕಗಳ ಬಗ್ಗೆ ಅವರೇ ಬರೆದ ಟಿಪ್ಪಣಿಗಳಿವೆ, ಇದನ್ನ ಬಹಳ ಜನ ನೋಡೇ ಇರಲ್ಲ. ಬ್ರಿಟನ್‌ನಲ್ಲಿ ಇದ್ರೆ, ಅಥವಾ ಹೋಗೋ ಅವಕಾಶ ಇದ್ರೆ, ಇನ್ನೂ ಒಳ್ಳೇದು. ಆರ್‌ಎಸ್‌ಸಿಯ ದಾಖಲೆಗಳು ಸ್ಟ್ರಾಟ್‌ಫರ್ಡ್‌ನ ಶೇಕ್ಸ್‌ಪಿಯರ್ ಬರ್ತ್‌ಪ್ಲೇಸ್ ಟ್ರಸ್ಟ್‌ನಲ್ಲಿವೆ, ನ್ಯಾಷನಲ್ ಥಿಯೇಟರಿನವರದೇ ಆರ್ಕೈವ್ ಲಂಡನ್ನಿನ ವಾಟರ್ಲೂ ಹತ್ತಿರ ಇದೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನವರು 90ರ ದಶಕದಿಂದ ನಾಟಕಗಳನ್ನ ವಿಡಿಯೊ ಮಾಡಿ ಇಟ್ಟಿದಾರೆ. ಮೊದಲೇ ಮೆಸೇಜ್ ಹಾಕಿ ಟೈಮ್ ತಗೊಂಡು ಹೋಗ್ಬೇಕು, ಅಲ್ಲೇ ಕೂತು ನೋಡ್ಬೇಕು, ಕಾಪಿ ಕೊಡಲ್ಲ.

ಇನ್ನೊಂದು ಜೋಡಿ ಕಿಂಗ್ ಲಿಯರ್, ಎರಡೂ ರೆಕಾರ್ಡ್ ಆಗಿವೆ. 2007ರಲ್ಲಿ ಟ್ರೆವರ್ ನನ್ ನಿರ್ದೇಶನದಲ್ಲಿ ಆರ್‌ಎಸ್‌ಸಿಗೆ, ಸ್ಟ್ರಾಟ್‌ಫರ್ಡ್‌ನ ಕೋರ್ಟ್‌ಯಾರ್ಡ್ ಥಿಯೇಟರ್, ಸಾವಿರ ಸೀಟಿನ ಜಾಗ, ಆಮೇಲೆ ಟಿವಿಗೆ ಬೇರೆಯಾಗಿ ಶೂಟ್ ಮಾಡಿದ್ರು. ಅದರಲ್ಲಿ ಲಿಯರ್‌ನ ವಿದೂಷಕ ಆಗಿರೋದು ಸಿಲ್ವೆಸ್ಟರ್ ಮೆಕಾಯ್, ಮುಂದೆ ಹಾಬಿಟ್ ಸಿನಿಮಾದಲ್ಲಿ ಇನ್ನೊಬ್ಬ ಮಾಂತ್ರಿಕನಾಗಿ ಬರ್ತಾರಲ್ಲ, ಅವರೇ. ಎರಡನೇದು 2017ರಲ್ಲಿ, ಚಿಚೆಸ್ಟರ್‌ನ ಮಿನರ್ವಾ ಅನ್ನೋ ಚಿಕ್ಕ ಥಿಯೇಟರಿನಲ್ಲಿ, ಮುನ್ನೂರು ಜನ ಹಿಡಿಸಬಹುದು ಅಷ್ಟೇ, ಮರುವರ್ಷ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್‌ಗೆ ಬಂತು, ಅಲ್ಲಿಂದಲೇ ನ್ಯಾಷನಲ್ ಥಿಯೇಟರ್ ಲೈವ್ ಮೂಲಕ ಸಿನಿಮಾ ಹಾಲುಗಳಿಗೆ ಪ್ರಸಾರ ಆಯ್ತು. ಎನ್‌ಟಿ ಲೈವ್ ಅಂದ್ರೆ ಗೊತ್ತಿಲ್ದವರಿಗೆ, ನಾಟಕ ನಡೀತಿರುವಾಗಲೇ ಹಲವು ಕ್ಯಾಮೆರಾ ಇಟ್ಟು ಸಿನಿಮಾ ಥಿಯೇಟರಿನಲ್ಲಿ ತೋರಿಸೋದು, 2009ರಲ್ಲಿ ಶುರುವಾಗಿದ್ದು. ಎರಡೂ ಲಿಯರ್‌ಗಳಲ್ಲಿ ಕೊನೇ ದೃಶ್ಯ ಮಾತ್ರ ತೆಗೆದು ಒಂದರ ಹಿಂದೊಂದು ನೋಡಿ, ಸತ್ತ ಮಗಳನ್ನ ತರೋದು. 68ರ ಲಿಯರ್ ಆಕಾಶಕ್ಕೆ ಕೇಳೋ ಹಾಗೆ ಅಳ್ತಾನೆ. 78–79ರ ಲಿಯರ್ ಅವಳಿಗೆ ಮಾತ್ರ ಕೇಳೋ ಹಾಗೆ. ನನಗೆ ಹಂಗನ್ನಿಸ್ತು, ನಿಮಗೆ ಬೇರೆ ಅನ್ನಿಸಬಹುದು, ನೋಡಿ ಬರ್ಕೊಳ್ಳಿ.

ಹ್ಯಾಮ್ಲೆಟ್ ಕೂಡ ಹಿಂಗೇ ಎರಡು ಸಲ, 1971ರಲ್ಲಿ ಮೂವತ್ತು ದಾಟಿದ ವಯಸ್ಸಲ್ಲಿ, ಆಮೇಲೆ 2021ರಲ್ಲಿ ವಿಂಡ್ಸರ್‌ನ ಥಿಯೇಟರ್ ರಾಯಲ್‌ನಲ್ಲಿ 82ನೇ ವಯಸ್ಸಲ್ಲಿ. ವಯಸ್ಸಿನ ಲೆಕ್ಕನೇ ಬೇಡ ಅಂತ ಮಾಡಿದ ಪ್ರಯೋಗ. ಕೇಳಿದ ತಕ್ಷಣ ವಿಚಿತ್ರ ಅನ್ಸುತ್ತೆ, ಆದ್ರೆ ಐವತ್ತು ವರ್ಷ ಒಂದು ಪಾತ್ರದ ಮಾತುಗಳನ್ನ ತಲೇಲಿ ಹೊತ್ತುಕೊಂಡು ತಿರುಗಿದ ಮನುಷ್ಯನಿಗೆ ಅದನ್ನ ಇನ್ನೊಂದು ಸಲ ಹೇಳ್ಬೇಕು ಅನ್ನಿಸಿದ್ರೆ ಯಾರು ಬೇಡ ಅಂತಾರೆ.

ಶೇಕ್ಸ್‌ಪಿಯರ್ ಮಾತ್ರ ನೋಡಿದ್ರೆ ಚಿತ್ರ ಅರ್ಧ. 2004ರಲ್ಲಿ ಓಲ್ಡ್ ವಿಕ್‌ನಲ್ಲಿ ಅಲಾದ್ದೀನ್ ಪ್ಯಾಂಟೊಮೈಮ್‌ನಲ್ಲಿ ವಿಡೊ ಟ್ವಾಂಕಿ ಆದ್ರು. ಪ್ಯಾಂಟೊ ಅಂದ್ರೆ ಕ್ರಿಸ್‌ಮಸ್ ಟೈಮಲ್ಲಿ ಮಕ್ಕಳು ಮರಿ ಸಮೇತ ಹೋಗೋ ಹಾಡು, ಕೂಗಾಟ, ಕೀಟಲೆಯ ಆಟ, ಅದರಲ್ಲಿ ಗಂಡಸು ಹೆಂಗಸಿನ ವೇಷ ಹಾಕಿ ‘ಡೇಮ್’ ಆಗೋದು ಪದ್ಧತಿ. 2005ರಲ್ಲಿ ಕಾರನೇಶನ್ ಸ್ಟ್ರೀಟ್ ಧಾರಾವಾಹಿಯಲ್ಲಿ ಕೆಲವು ಕಂತು, ಒಬ್ಬ ಮೋಸಗಾರ ಲೇಖಕನ ಪಾತ್ರ. ‘ಸರ್’ ಪದವಿ ಬಂದ ಮೇಲೆ ಇದೆಲ್ಲ ಯಾಕೆ ಅಂತ ಕೇಳೋರಿದ್ರು. ನನ್ನ ಪ್ರಕಾರ ಪ್ಯಾಂಟೊದಲ್ಲಿ ಎಂಟು ವರ್ಷದ ಮಗು ಕೂಗಿ ಹೇಳೋ ಮಾತಿಗೆ ತಿರುಗಿ ಉತ್ತರ ಕೊಡೋದೇ ರಿಚರ್ಡ್ ಕನ್ನಡಿಯಲ್ಲಿ ನಮ್ಮನ್ನ ನೋಡೋದರ ಇನ್ನೊಂದು ಮುಖ, ಎದುರಿಗೆ ಕೂತವರು ಇದಾರೆ ಅಂತ ಒಪ್ಕೊಳ್ಳೋದು. 2009ರಲ್ಲಿ ಪ್ಯಾಟ್ರಿಕ್ ಸ್ಟುವರ್ಟ್ ಜೊತೆ ಬೆಕೆಟ್‌ನ ವೇಟಿಂಗ್ ಫಾರ್ ಗೋಡೊ ನಾಟಕ ಆಡಿದಾಗಲೂ ಇಬ್ಬರೂ ಹಳೇ ಕಾಮಿಡಿ ಜೋಡಿಗಳ ಹಾಗೆ ಆಡಿದ್ರು, ಪ್ಯಾಂಟೊ ಮಾಡಿದವರಿಗೆ ಮಾತ್ರ ಬರೋ ಸಲಿಗೆ ಅದು.

ಲೈವ್ ನೋಡೋ ಅವಕಾಶ ಸಿಕ್ಕವರಿಗೆ ಒಂದೆರಡು ಮಾತು. ಬ್ರಿಟನ್‌ನಲ್ಲಿ ಯಾವುದೇ ಹಿರಿಯ ನಟರ ನಾಟಕಕ್ಕೆ ಟಿಕೆಟ್ ತಗೊಳ್ಳೋವಾಗ ದೊಡ್ಡ ಹಾಲಿನ ಮುಂದಿನ ಸಾಲಿಗಿಂತ ಊರಾಚೆಯ ಚಿಕ್ಕ ಥಿಯೇಟರಿನ ಯಾವುದೋ ಮೂಲೆ ಸೀಟು ಒಳ್ಳೇದು, ದುಡ್ಡೂ ಕಮ್ಮಿ. ಎಷ್ಟೋ ನಾಟಕ ಲಂಡನ್ನಿಗೆ ಬರೋ ಮುಂಚೆ ಚಿಚೆಸ್ಟರ್, ಬಾತ್, ಮಾಲ್ವರ್ನ್ ಥರದ ಊರುಗಳಲ್ಲಿ ಆಡುತ್ತೆ, ಅಲ್ಲೇ ಹಿಡೀರಿ. ಪ್ರೋಗ್ರಾಂ ಪುಸ್ತಕ ತಗೊಳ್ಳಿ, ಅದರಲ್ಲಿ ಅಂಡರ್‌ಸ್ಟಡಿ ಹೆಸರೂ ಓದಿ, ಅಂದ್ರೆ ಮುಖ್ಯ ನಟರಿಗೆ ಆಗದಿದ್ದಾಗ ಆ ಪಾತ್ರ ಮಾಡೋಕೆ ತಯಾರಾಗಿರೋರು. 2024ರ ಜೂನ್‌ನಲ್ಲಿ ಲಂಡನ್ನಿನ ನೊಯೆಲ್ ಕವರ್ಡ್ ಥಿಯೇಟರಿನಲ್ಲಿ ಪ್ಲೇಯರ್ ಕಿಂಗ್ಸ್ ನಾಟಕದ ಯುದ್ಧದ ದೃಶ್ಯದಲ್ಲಿ, ಫಾಲ್‌ಸ್ಟಾಫ್ ಆಗಿದ್ದ ಮೆಕೆಲನ್ ಸ್ಟೇಜಿನಿಂದ ಕೆಳಗೆ ಬಿದ್ರು, 85 ವಯಸ್ಸು, ಮಣಿಕಟ್ಟು ಮುರೀತು, ಬೆನ್ನುಮೂಳೆಗೂ ಪೆಟ್ಟು. ಪಾತ್ರಕ್ಕೆ ಅಂತ ಹಾಕಿದ್ದ ದಪ್ಪ ಹೊಟ್ಟೆಯ ಮೆತ್ತೆ ಇನ್ನೂ ಹೆಚ್ಚಿನ ಅಪಾಯ ತಪ್ಪಿಸ್ತು. ಉಳಿದ ಪ್ರದರ್ಶನಗಳನ್ನ ನಡೆಸಿದ್ದು ಅಂಡರ್‌ಸ್ಟಡಿ.

ಇಷ್ಟೆಲ್ಲ ನೋಡಿ ಆದ ಮೇಲೆ ಈಗ ಗ್ಯಾಂಡಾಲ್ಫ್ ಹತ್ರ ವಾಪಸ್ ಬನ್ನಿ, ಈಗಷ್ಟೇ. ಮೊದಲು ಹಾಬಿಟ್‌ನ ಮೊದಲ ಭಾಗ ಹಾಕಿ, ಬಿಲ್ಬೊ ಮನೆಯಲ್ಲಿ ಕುಳ್ಳರೆಲ್ಲ ಊಟ ಮಾಡೋ ದೃಶ್ಯ. ಅದನ್ನ ತೆಗೆಯೋವಾಗ ಗಾತ್ರದ ವ್ಯತ್ಯಾಸ ತೋರಿಸೋಕೆ ಅಂತ ಮೆಕೆಲನ್ ಒಬ್ಬರನ್ನೇ ಹಸಿರು ಪರದೆಯ ಸೆಟ್ಟಿನಲ್ಲಿ ನಿಲ್ಲಿಸಿ, ಉಳಿದ ನಟರು ಬೇರೆ ಸೆಟ್ಟಿನಲ್ಲಿ, ಇವರ ಮುಂದೆ ಅವರ ಫೋಟೊಗಳು, ಕಿವಿಯಲ್ಲಿ ಧ್ವನಿ. ಅವರು ಅಲ್ಲೇ ಅತ್ತುಬಿಟ್ರು, ಇದಕ್ಕಲ್ಲ ತಾನು ನಟ ಆಗಿದ್ದು ಅಂತ, ಆ ಮಾತು ಮೈಕಲ್ಲಿ ಎಲ್ಲರಿಗೂ ಕೇಳಿಸ್ತು. ತಗಡಿನ ಶೆಡ್ಡಿನಲ್ಲಿ ಉಸಿರು ಕೇಳೋಷ್ಟು ಹತ್ತಿರ ಜನರನ್ನ ಕೂರಿಸ್ಕೊಂಡು ಕೆಲಸ ಕಲಿತವರಿಗೆ ಎದುರಿಗೆ ಒಬ್ಬರೂ ಇಲ್ಲ ಅನ್ನೋದು ಏನು ಅಂತ ನೋಟ್‌ಬುಕ್ಕಿನ ಮೂರನೇ ಕಾಲಮ್ ನೋಡಿದ್ರೆ ಅರ್ಥ ಆಗುತ್ತೆ.

ಆಮೇಲೆ 2001ರ ಮೊದಲ ಸಿನಿಮಾ ಹಾಕಿ ಮೋರಿಯಾ ಗುಹೆಯ ಸೇತುವೆಗೆ ಹೋಗಿ. ಎಲ್ಲರಿಗೂ ನೆನಪಿರೋದು ಆ ಬೆಂಕಿಯ ಭೂತಕ್ಕೆ ಅಡ್ಡ ನಿಂತು ಕೂಗೋ ಕೂಗು, ಅದು ಎಡ್ವರ್ಡ್‌ನ ಧ್ವನಿ, ಎಡಿನ್‌ಬರೊದ ಕೊನೇ ಸಾಲಿಗೂ ತಲುಪ್ತಿದ್ದ ಧ್ವನಿ. ಅದನ್ನ ಕೇಳಿ, ಆದ್ರೆ ಅಲ್ಲಿಗೆ ನಿಲ್ಲಿಸ್ಬೇಡಿ. ಸೇತುವೆ ಮುರಿದು, ಚಾಟಿ ಕಾಲಿಗೆ ಸುತ್ತಿ, ಅಂಚಿಗೆ ನೇತಾಡ್ತಾ ಅವರು ಜೊತೆಗಾರರಿಗೆ ಓಡಿಹೋಗಿ ಅಂತ ಹೇಳೋ ಕೊನೇ ಮಾತಿದೆಯಲ್ಲ, ಮೂರೇ ಪದ, ಸೌಂಡ್ ಜಾಸ್ತಿ ಮಾಡಿ ಕೇಳಿ. ಅದನ್ನ ಅವರು ಕೂಗಲ್ಲ. ಮ್ಯಾಕ್‌ಬೆತ್ ಹೆಂಡತಿ ಹತ್ರ ಪಿಸುಗುಟ್ಟಿದ್ದು ನೆನಪಿದೆಯಾ, ಅಷ್ಟೇ ಮೆಲ್ಲಗೆ.